ಹೊಳ್ಳಿ ಇಸ್ಕೊಂಡ ಹೆಸರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಮೆಲ್ಲಗೆ ಎದ್ದು ಚಹಾ ಮಾಡುವ ನೆವದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಬೆಳಗಾವಿಯ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅಲ್ಲಿಯ ಸಿಸ್ಟರುಗಳು ದೇವರನ್ನು ನಂಬಲು ಕಲಿಸಿದರು, ದೆವ್ವದ ಮಾತೆತ್ತಿದರೆ ಬೆಂಚಿನ ಮೇಲೆ ನಿಲ್ಲಿಸಿದರು. ಮುಂದೆ ಮದುವೆಯಾಗಿ ಬಂದದ್ದು ಜಮಖಂಡಿಗೆ, ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರ ಮನೆಗೆ. ಇವರಿಗಂತೂ ಪ್ರೂಫ್ ಇಲ್ಲದ್ದು ಇಲ್ಲವೇ ಇಲ್ಲ. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಕೊಂಡ ಟ್ರ್ಯಾಕ್ಟರ್ ಎದುರಿಗೆ ಬಂದರೆ, "ಉಪ್ಪೊಂದು ಹಾಕಿದ್ರ ಉಪ್ಪಿನಕಾಯಿ ಆಗ್ತಿತ್ತಲ್ಲ" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಆದ್ದರಿಂದ ಮುಂದಿನದನ್ನು ಓದುತ್ತ ನೀವು ಚಹಾ ಮಾಡಲು ಎದ್ದರೆ ನನಗೆ ಬೇಸರವಿಲ್ಲ. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಮೊದಲು ನನ್ನ ಹೆಸರಿನ ವಿಷಯ ಹೇಳಬೇಕು. ನಮ್ಮಂಥ ಮನೆಗಳಲ್ಲಿ ಆಗೆಲ್ಲ ಮದುವೆಯ ದಿನ ಹುಡುಗಿಯ ಹೆಸರು ಬದಲಾಯಿಸುತ್ತಿದ್ದರು. ತಾಟಿನಲ್ಲಿ ಅಕ್ಕಿ ಹರವಿ, ಅದರ ಮೇಲೆ ಗಂಡ ಬಂಗಾರದ ಉಂಗುರದಿಂದ ಹೊಸ ಹೆಸರು ಬರೆಯಬೇಕು. ಅಲ್ಲಿಗೆ ತವರಿನ ಹೆಸರು ಮುಗಿಯಿತು. ಬೀಳಗಿಯಲ್ಲಿ ಅಪ್ಪ ತೊಟ್ಟಿಲಿಗೆ ಹಾಕುವಾಗ ಇಟ್ಟಿದ್ದ ಹೆಸರು ಹೋಗಿ, ಅತ್ತೆಯವರು ಆರಿಸಿದ ಹೆಸರು ಬಂತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದು, ರಿಟೈರ್ ಆದದ್ದು, ಪೆನ್ಶನ್ ತೆಗೆದುಕೊಳ್ಳುವುದು ಎಲ್ಲ ಆ ಹೆಸರಿನಲ್ಲೇ. ಆದರೆ ಇವರು ಮದುವೆಯ ದಿನವೇ, ಆ ತಾಟು ಒಳಗೆ ಹೋದ ಮೇಲೆ, ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ್ದರು: "ಅದು ಅವ್ವನ ಸಲುವಾಗಿ. ನನಗ ನೀ ಮೊದಲಿನಾಕೀನ." ಅಂದಿನಿಂದ ನಾವಿಬ್ಬರೇ ಇದ್ದಾಗ ತವರಿನ ಹೆಸರಿನಿಂದಲೇ ಕರೆದರು. ಅಪ್ಪ, ಅಮ್ಮ, ಅಕ್ಕ, ಹಾಸ್ಟೆಲಿನ ಗೆಳತಿಯರು ಒಬ್ಬೊಬ್ಬರಾಗಿ ಹೋದರು. ನಮಗೆ ಮಕ್ಕಳಿಲ್ಲ. ಕೊನೆಗೆ ಆ ಹೆಸರು ಇಡೀ ಲೋಕದಲ್ಲಿ ಒಂದೇ ಒಂದು ಬಾಯಲ್ಲಿ ಉಳಿಯಿತು.

ಆ ಬಾಯೇ ಮರೆಯತೊಡಗಿತು. ಮೊದಲು ಕನ್ನಡಕ ಎಲ್ಲಿ, ಚಪ್ಪಲಿ ಎಲ್ಲಿ ಎಂಬುದು. ಆಮೇಲೆ ಮನೆಗೆ ಬರುವ ದಾರಿ. ಒಮ್ಮೆ ಪೇಟೆಗೆ ಹೋದವರನ್ನು ಹಳೆಯ ವಿದ್ಯಾರ್ಥಿಯೊಬ್ಬ ಕೈಹಿಡಿದು ಕರೆತಂದ. ಡಾಕ್ಟರು ಸ್ಕ್ಯಾನ್ ನೋಡಿ, ಬಹಳ ಮೆತ್ತಗೆ, ಇದಕ್ಕೆ ತಿರುಗಿ ಬರುವ ದಾರಿ ಇಲ್ಲ ಮೇಡಂ ಎಂದರು. ಹೊಸದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ ಎಂದೂ ಹೇಳಿದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಮದುವೆಯ ಹೆಸರು ಹೋಗಲಿ, ತವರಿನದು ಹಳೆಯದಲ್ಲವೇ, ಅದು ಉಳಿಯುತ್ತದೆ ಎಂದುಕೊಂಡೆ. ಸಿಲ್ಲಿ ಲಾಜಿಕ್. ಗಣಿತದವರ ಹೆಂಡತಿ ಮಾಡಬಾರದಿತ್ತು.

ಮನೆಯಲ್ಲಿ ಒಂದು ಸಾಕುಪ್ರಾಣಿ ಇದ್ದರೆ ಒಳ್ಳೆಯದು ಎಂದು ಅದೇ ಡಾಕ್ಟರು ಹೇಳಿದ್ದರಿಂದ ಚಿಮ್ಮಡಕ್ಕೆ ಹೋದೆವು. ಈಗಲೂ ನನ್ನ ನಾಯಿಯನ್ನು ಕಂಡವರು ಮುಧೋಳದಿಂದ ತಂದದ್ದೇ ಎಂದು ಕೇಳುತ್ತಾರೆ. ತಳಿ ಮುಧೋಳದ್ದೇ, ಆದರೆ ಹುಟ್ಟಿದ್ದು ಚಿಮ್ಮಡದ ಹೊಲದಲ್ಲಿ, ಲಕ್ಕಪ್ಪ ಎಂಬ ಮುದುಕ ಕುರುಬನ ಕುರಿಹಟ್ಟಿಯಲ್ಲಿ. ಇವರು ರಸ್ತೆಯ ಮೇಲೆ ಜೀಪಿನಲ್ಲೇ ಕುಳಿತರು. ಕಬ್ಬು ಕಡಿದ ಹೊಲ, ಕಾಲು ಕೊಯ್ಯುವ ಕೂಳೆ, ಅವರನ್ನು ಇಳಿಸುವಂತಿರಲಿಲ್ಲ. ಹಟ್ಟಿ ಇದ್ದದ್ದು ಹೊಲದ ಆಚೆಯ ತುದಿಗೆ. ಇದನ್ನು ನೆನಪಿಡಿ. ಆಮೇಲೆ ನಾನು ನೂರು ಸಲ ಇದನ್ನೇ ನೆನಪಿಸಿಕೊಂಡಿದ್ದೇನೆ.

ಲಕ್ಕಪ್ಪ ಮರಿಯನ್ನು ನನ್ನ ಕೈಗೆ ಕೊಡುವ ಮುಂಚೆ ಹಣೆಗೆ ಬೀರದೇವರ ಭಂಡಾರದ ಅರಿಷಿಣ ಹಚ್ಚಿದ. ಅಂಗೈಯಲ್ಲಿ ಹಾಲು ಹಾಕಿ ನೆಕ್ಕಿಸಿದ. ಆಮೇಲೆ ನನಗೆ ಬೆನ್ನು ಮಾಡಿ, ಅದರ ಕಿವಿ ಎತ್ತಿ ಏನೋ ಹೇಳಿದ. ಹತ್ತಿರವೇ ನಿಂತಿದ್ದರೂ ನನಗೆ ಕೇಳಿಸಲಿಲ್ಲ. ಏನು ಹೇಳಿದೆ ಎಂದು ಕೇಳಿದೆ.

"ಹೆಸರ ಹೊಳ್ಳಿ ಇಸ್ಕೊಂಡ್ನಿರಿ ಅಕ್ಕೋರ," ಎಂದ, ಕೊಟ್ಟ ಹೆಸರನ್ನು ಮರಳಿ ಪಡೆದೆ ಎಂಬಂತೆ. "ಕಣ್ಣ ತೆರೆಯೂ ದಿನಾ ಒಂದ್ ಹೆಸರ ಕಿವ್ಯಾಗ ಹೇಳಿರ್ತೇವಿ. ಹಟ್ಟಿ ಬಿಟ್ಟ ಹೋಗೂ ಕೂಸಿಗಿ ಹಟ್ಟಿ ಹೆಸರ ಯಾಕರಿ? ನಿಮ್ಮ ಮನಿದು ನೀವ ಇಡ್ರಿ."

"ಏನಿತ್ತು ಆ ಹೆಸರು?"

"ಏ, ಹೇಳಿದ್ರ ಮತ್ತ ಕೊಟ್ಟಂಗ ಆತಲ್ರಿ!" ಎಂದು ಬೊಚ್ಚು ಬಾಯಿ ತೆರೆದು ನಕ್ಕ. "ನನ್ನ ಹೇಣ್ತಿಗೂ ಹೇಳಂಗಿಲ್ಲ. ಆಕಿಗಿ ಹೇಳಿದ್ರ ಚಿಮ್ಮಡಕ್ಕೆಲ್ಲಾ ಹೇಳಿದಂಗ."

ಹಿಂದೆ ಕುಳಿತಿದ್ದ ಹೆಂಡತಿ ಕೈಗೆ ಸಿಕ್ಕ ಕಡ್ಡಿಯನ್ನು ಅವನ ಮೇಲೆ ಎಸೆದಳು. ನಾನು ನಗುತ್ತ ಮರಿಯನ್ನು ಎತ್ತಿಕೊಂಡು ಬಂದೆ. ಹೌ ಸ್ವೀಟ್ ಅನಿಸಿತು, ಅಷ್ಟೇ. ಜೀಪು ಹತ್ತುವಾಗ ಒಂದು ಕ್ಷಣ, ಅಕ್ಕಿಯ ತಾಟು ಯಾಕೋ ನೆನಪಾಯಿತು. ಇವರು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಉದ್ದ ಮೂಗು, ಸೆಟೆದ ಎದೆ ನೋಡಿ "ಮೇಜರ್" ಎಂದರು. ಅದೇ ಹೆಸರಾಯಿತು.

ಎರಡು ವರ್ಷದಲ್ಲಿ ಮೇಜರ್ ಎತ್ತರಕ್ಕೆ ಬೆಳೆದ, ಇವರು ಕುಗ್ಗಿದರು. ರಿಟೈರ್ ಆದಾಗ ನಾವಿಬ್ಬರೂ ಒಂದು ಪ್ಲ್ಯಾನ್ ಮಾಡಿದ್ದೆವು: ಟೆಂಟು ಹೊತ್ತುಕೊಂಡು, ಹೋಟೆಲ್ಲು ಗೀಟೆಲ್ಲು ಇಲ್ಲದೆ, ರಸ್ತೆ ಎಲ್ಲಿವರೆಗೆ ಇದೆಯೋ ಅಲ್ಲಿವರೆಗೆ ಉತ್ತರಕ್ಕೆ ಹೋಗುವುದು. ಟೆಂಟು, ಸ್ಲೀಪಿಂಗ್ ಬ್ಯಾಗು ತಂದು ಅಟ್ಟದ ಮೇಲೆ ಇಟ್ಟದ್ದೂ ಆಗಿತ್ತು. ಡಾಕ್ಟರಿಗೆ ಹೇಳಿದಾಗ ಅವರು, ಎತ್ತರದ ಜಾಗ, ರಿಸ್ಕು, ಪೇಶಂಟಿಗೆ ಉಪಯೋಗವೂ ಇಲ್ಲ ಎಂದರು. ಉಪಯೋಗಕ್ಕೆಂದು ನಾನು ಹೊರಟಿರಲಿಲ್ಲ. ಆಗಲೇ ಇವರ ಬಾಯಲ್ಲಿ ನನ್ನ ಹೆಸರು ಬಂದು ಎಷ್ಟೋ ತಿಂಗಳಾಗಿದ್ದವು. ಮದುವೆಯದೂ ಇಲ್ಲ, ತವರಿನದೂ ಇಲ್ಲ. "ಇವರು" ಎಂದು ನನ್ನನ್ನು ತೋರಿಸುತ್ತಿದ್ದರು, ಬಹಳ ಮರ್ಯಾದೆಯಿಂದ. ಆ ಪ್ಲ್ಯಾನ್ ಮಾಡಿದ್ದ ಮನುಷ್ಯ ಒಳಗೆಲ್ಲೋ ಇದ್ದರೆ, ಆ ರಸ್ತೆಯಲ್ಲಿ ಒಮ್ಮೆ ಹೊರಗೆ ಬಂದು ನನ್ನನ್ನು ಹಳೆಯ ಹೆಸರಿನಿಂದ ಕರೆದಾನು ಎಂಬುದೊಂದೇ ನನಗಿದ್ದ ಆಸೆ. ಒಂದೇ ಒಂದು ಸಲ ಸಾಕಾಗಿತ್ತು.

ಜೀಪು ನಡೆಸಲು ಬನಹಟ್ಟಿಯ ದುಂಡಪ್ಪ ಬಂದ. ಮಗ್ಗದ ಸೀರೆಗಳನ್ನು ಲಾರಿಯಲ್ಲಿ ಹೇರಿಕೊಂಡು ಉತ್ತರದ ಊರುಗಳನ್ನೆಲ್ಲ ತಿರುಗಿದವನು, ನನಗಿಂತ ಸ್ವಲ್ಪವೇ ಚಿಕ್ಕವನು, ಬಾಯಿ ಸುಮ್ಮನಿರದವನು. ಬಯಲು ರಸ್ತೆಯಲ್ಲಿ ನಾನೂ ನಡೆಸುತ್ತಿದ್ದೆ. ಆಗ ದುಂಡಪ್ಪ ಹಿಂದೆ ಕೂತು ಕಣ್ಣು ಮುಚ್ಚಿ ಮನೆದೇವರು ಮಲ್ಲಯ್ಯನನ್ನು ನೆನೆಯುತ್ತಿದ್ದ. ಡಬ್ಬಿ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಮೇಜರನ ಮೈಮೇಲೆ ಕೂದಲೇ ಇಲ್ಲವಲ್ಲ, ಅವನಿಗೆ ಕರಿ ಕಂಬಳಿಯ ತುಂಡಿನಲ್ಲಿ ನಾನೇ ಒಂದು ಕೋಟು ಹೊಲಿದಿದ್ದೆ. ಅದನ್ನು ತೊಡಿಸಿದಾಗಲೆಲ್ಲ ದುಂಡಪ್ಪ ಸಲಾಮು ಹೊಡೆಯುವನು: "ಬಂದ್ರು ನೋಡ್ರಿ ಮುಧೋಳ ಮಹಾರಾಜರು. ಹುಲಿ ಬ್ಯಾಟಿಗಿ ಹೊಂಟಾರ, ಥಂಡಿ ಆಕ್ಕೈತಂತ ಸ್ವೆಟರ್ ಹಾಕ್ಕೊಂಡ."

ಹೋಗುತ್ತ ಹೋಗುತ್ತ ನಾನು ಅಂದುಕೊಂಡದ್ದರ ಉಲ್ಟಾ ಆಯಿತು. ಊರು ದಾಟಿದಂತೆಲ್ಲ ಇವರ ಒಂದೊಂದು ಮಾತು ಉದುರುತ್ತ ಹೋಯಿತು. ಸೊಲ್ಲಾಪುರದಲ್ಲಿ ಕಬ್ಬಿನ ಹಾಲಿನ ಗಾಡಿ ಕಂಡು "ಬೇಕು" ಎಂದಿದ್ದರು. ರಾಜಸ್ಥಾನದ ಒಂದು ಧಾಬಾದ ಹಿಂದೆ ಟೆಂಟು ಹಾಕಿದಾಗ ನಾಯಿಯ ಕಡೆ ಕೈಮಾಡಿ ಮೇಜರ್ ಎನ್ನಲು ಹೋಗಿ, ಸಿಗದೆ, "ಅದು" ಎಂದರು. ಪಂಜಾಬು ದಾಟುವಷ್ಟರಲ್ಲಿ "ಅದು" ಕೂಡ ಇರಲಿಲ್ಲ. ಬೆಟ್ಟ ಹತ್ತುವಾಗ ಅವರು ಕಿಟಕಿಯ ಗಾಜಿಗೆ ಹಣೆ ಹಚ್ಚಿ ಕುಳಿತಿರುತ್ತಿದ್ದರು. ನಾನು ಇದು ಹಿಮ, ಇದು ನದಿ, ಇವು ದೇವದಾರು ಎಂದು ಎಲ್‌ಕೆಜಿ ಮಗುವಿಗೆ ಹೇಳುವಂತೆ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಕೊನೆಗೆ ನಾನೂ ಬಿಟ್ಟೆ.

ಕಣಿವೆ ದಾಟಿ ಲಾಹೌಲ್ ಸೀಮೆಗೆ ಇಳಿದ ಮೇಲೆ ಮರಗಳು ಕಡಿಮೆಯಾಗುತ್ತ ಬಂದು, ಆಮೇಲೆ ಇಲ್ಲವೇ ಇಲ್ಲವಾದವು. ಬರೀ ಕಲ್ಲು, ಗಾಳಿ, ಕೆಳಗೆ ಬೂದಿ ಬಣ್ಣದ ನದಿ. ಒಂದು ಸಪಾಟಾದ ಜಾಗ ನೋಡಿ ಮಧ್ಯಾಹ್ನದ ಹೊತ್ತಿಗೇ ಟೆಂಟು ಹಾಕಿದೆವು. ಇವರನ್ನು ಮಡಚುವ ಕುರ್ಚಿಯಲ್ಲಿ ಕೂರಿಸಿ, ಮಂಕಿ ಕ್ಯಾಪ್ ಹಾಕಿ, ಶಾಲು ಹೊದಿಸಿದೆ. ದುಂಡಪ್ಪ ಸ್ಟೋವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಗೊಣಗುತ್ತಿದ್ದ: "ಏನ ಊರರಿ ಇದು ಅಕ್ಕೋರ. ಚಾ ಭಡಾಭಡಾ ಕುದಿತೈತಿ, ಬಾಯಿಗಿ ಬಿಸಿನ ಹತ್ತೂದಿಲ್ಲ. ನಮ್ಮೂರ ರಾಜಕಾರಣ ಇದ್ದಂಗ ಐತಿ."

ಬಿಸಿಲು ಚುರುಕಾಗಿದ್ದುದರಿಂದ ಮೇಜರನ ಕೋಟು ಬಿಚ್ಚಿದ್ದೆ. ಅದೇ ಹೊತ್ತಿಗೆ ಎದುರಿನ ಇಳಿಜಾರಿನಲ್ಲಿ ಏನೋ ಓಡಿತು. ಮೊಲವೋ ಮತ್ತೇನೋ, ನನಗೆ ಕಂಡದ್ದು ಕಲ್ಲುಗಳ ನಡುವೆ ಒಂದು ಸರಪರ ಅಷ್ಟೇ. ಈ ತಳಿಯ ನಾಯಿಗಳು ಕಣ್ಣಿನಿಂದ ಬೇಟೆಯಾಡುವಂಥವು. ಕಣ್ಣಿಗೆ ಬಿದ್ದದ್ದು ಒಮ್ಮೆ ತಲೆಗೆ ಹೋದರೆ ಕಿವಿ ಮುಚ್ಚಿದಂತೆಯೇ. ಹಗ್ಗ ನನ್ನ ಕೈ ಕೊಯ್ದುಕೊಂಡು ಜಾರಿತು. ನೋಡನೋಡುತ್ತಿದ್ದಂತೆ ಇಳಿಜಾರು ಹತ್ತಿ, ದಿಬ್ಬದ ನೆತ್ತಿಯ ಮೇಲೆ ಒಂದು ಗೆರೆಯಂತೆ ಕಂಡು, ಆಚೆ ಇಳಿದು ಹೋದ.

ಮೇಜರ್, ಮೇಜರ್ ಎಂದು ನಾವಿಬ್ಬರೂ ಕೂಗಿದೆವು. ದುಂಡಪ್ಪ ಸಿಳ್ಳೆ ಹಾಕಿದ, ತಾಟು ಬಡಿದ, ಜೀಪಿನ ಹಾರ್ನ್ ಒತ್ತಿ ಹಿಡಿದ. ದಿಬ್ಬ ಹತ್ತಲು ಹೋಗಿ ಅರ್ಧಕ್ಕೇ ಉಸಿರು ಸಿಗದೆ ಕೂತು, ನಾಲಿಗೆ ಹೊರಚಾಚಿಕೊಂಡು ಮರಳಿ ಬಂದ. ಬಿಸಿಲು ಎದುರಿನ ಬೆಟ್ಟದ ಮೇಲೇರುತ್ತಿತ್ತು, ನಮ್ಮ ಕಡೆ ನೆರಳು ಬಂತು. ಅಲ್ಲಿ ನೆರಳು ಬಂತೆಂದರೆ ಚಳಿ ಬಂತು. ಕೂದಲಿಲ್ಲದ ಆ ಮೈ ಕೋಟಿಲ್ಲದೆ ಅಲ್ಲಿ ಉಳಿಯುವುದಿಲ್ಲವೆಂದು ನಮಗಿಬ್ಬರಿಗೂ ಗೊತ್ತಿತ್ತು. "ಬಿಡ್ರಿ ಅಕ್ಕೋರ, ಬರ್ತಾನ," ಎಂದ ದುಂಡಪ್ಪ. ಅವನ ದನಿಯಲ್ಲಿ ಬರುತ್ತಾನೆ ಎಂಬುದು ಇರಲಿಲ್ಲ.

ನಾನು ಇವರ ಕುರ್ಚಿಯ ಮುಂದೆ ಮಂಡಿಯೂರಿ ಕುಳಿತೆ. ಎಷ್ಟೋ ದಿನಗಳಿಂದ ಅವರೊಡನೆ ಮಾತಾಡುವುದನ್ನೇ ಬಿಟ್ಟಿದ್ದವಳು, ಆಗ ಯಾಕೋ ಹೇಳಿದೆ. "ಮೇಜರ್ ಹೋದನ್ರೀ. ಎಲ್ಲಾ ಹೋತು ನೋಡ್ರಿ."

ಅವರು ನನ್ನನ್ನು ನೋಡಲಿಲ್ಲ. ದಿಬ್ಬದ ಕಡೆ ನೋಡಿದರು. ಆಮೇಲೆ ಎದ್ದು ನಿಂತರು. ಕಂಕುಳಲ್ಲಿ ಕೈಹಾಕಿ ಎತ್ತದೆ ಎಂದೂ ಏಳದವರು ತಾವೇ ಎದ್ದರು. ಶಾಲು ಕೆಳಗೆ ಬಿತ್ತು. ಒಂದು ಕೈ ಬಾಯಿಯ ಪಕ್ಕಕ್ಕೆ ಹಿಡಿದು ಕರೆದರು.

ದನಿ ಬೇರೆ ಯಾರದೋ ಆಗಿತ್ತು ಎಂದು ನೀವು ಕಾಯುತ್ತಿದ್ದರೆ, ಇಲ್ಲ. ಅವರದೇ ದನಿ. ಕಾಲೇಜಿನ ಹಿಂದಿನ ಬೆಂಚಿನವರೆಗೆ ಮುಟ್ಟುತ್ತಿದ್ದ ಹಳೆಯ ದನಿ. ಕರೆದದ್ದು ಮಾತ್ರ ಮೇಜರ್ ಎಂದಲ್ಲ. ಅದೊಂದು ಗಿಡದ ಹೆಸರು, ನಮ್ಮ ಕಡೆ ಹೊಲದ ಬದುವಿನ ಮೇಲೆ ತಾನಾಗಿ ಬೆಳೆಯುವ ಒಂದು ಮುಳ್ಳುಗಿಡದ್ದು. ಮನುಷ್ಯರಿಗೂ ಇಡುವುದಿಲ್ಲ, ನಾಯಿಗೂ ಇಡುವುದಿಲ್ಲ. ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದು, ಎಳೆದದ್ದನ್ನು ತಟ್ಟನೆ ಕಡಿದು ಕರೆದರು. ಮತ್ತೆ ಕರೆದರು.

"ಸರ ಏನಂದ್ರಿ?" ಎಂದ ದುಂಡಪ್ಪ. "ಇಲ್ಯಾಕ ನೆನಪಾತು ಅದು? ಅದು ನಮ್ಮ ಹೊಲದಾಗಿಂದಲ್ರಿ?"

ನಾನು ಉತ್ತರ ಕೊಡುವಷ್ಟರಲ್ಲಿ ದಿಬ್ಬದ ನೆತ್ತಿಯ ಮೇಲೆ ಆ ಗೆರೆ ಮತ್ತೆ ಕಂಡಿತು. ಹೊಟ್ಟೆ ನೆಲಕ್ಕೆ ತಾಗುವಂತೆ ಓಡಿ ಬಂದ. ಚಾಚಿದ ನನ್ನ ಕೈಗೆ ಬರಲಿಲ್ಲ. ದುಂಡಪ್ಪನನ್ನೂ ದಾಟಿ ಹೋಗಿ, ಇವರ ಕಾಲಿಗೆ ಮೈಯೊತ್ತಿ ನಿಂತು ನಡುಗಿದ. ಹುಟ್ಟಿನಿಂದ ಅದೇ ಹೆಸರಿನಿಂದ ಕರೆಸಿಕೊಂಡವನ ಹಾಗೆ ಬಂದ. ಇವರು ಅವನ ಕಿವಿಯ ಮೇಲೆ ಅಂಗೈ ಇಟ್ಟು, ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು.

ಆಗ ನನಗೆ ನಾಯಿ ಬಂತೆಂಬ ಸಂತೋಷ ಆಗಲಿಲ್ಲ. ನಿಜ ಹೇಳುತ್ತೇನೆ. ಬಾಗಿಲು ತೆರೆದಿದೆ, ಈಗ ತೆರೆದಿದೆ, ಮುಚ್ಚುವ ಮುಂಚೆ ಒಳಗೆ ಹೋಗಬೇಕು ಅನಿಸಿತು. ಅವರ ಎರಡೂ ಕೈ ಹಿಡಿದು ಕೇಳಿದೆ: "ನನ್ನ ಹೆಸರ ಹೇಳ್ರೀ. ನಾ ಯಾರು? ಒಂದ ಸಲ ಕರೀರಿ." ಅವರು ನನ್ನನ್ನು ನೋಡಿದರು. ಬಸ್ಸಿನಲ್ಲಿ ಎದುರು ಕೂತವರನ್ನು ನೋಡುವಂತೆ, ಮರ್ಯಾದೆಯಿಂದ. ನಾನು ಅವರ ಮಂಕಿ ಕ್ಯಾಪಿನ ಅಂಚು ಎತ್ತಿ, ಕಿವಿಯ ಹತ್ತಿರ ಬಾಯಿಟ್ಟು, ನನ್ನ ತವರಿನ ಹೆಸರನ್ನು ನಾನೇ ಹೇಳಿದೆ. ಹಾಗೇ ಕಾದೆ. ದುಂಡಪ್ಪ ಆಚೆ ತಿರುಗಿ, ಆರಿಹೋದ ಚಹಾದಲ್ಲಿ ಚಮಚ ತಿರುವುತ್ತ ನಿಂತ. ಬೆಟ್ಟದ ಮೇಲಿನ ಬಿಸಿಲೂ ಹೋಯಿತು. ಇವರ ತುಟಿ ಅಲುಗಲಿಲ್ಲ.

ಮರುದಿನವೇ ಜೀಪು ತಿರುಗಿಸಿದೆವು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಜಮಖಂಡಿಗೆ ಬಂದ ಮೇಲೂ ಇಲ್ಲ. ಅಲ್ಲಿ ಕರೆದದ್ದೇ ಅವರು ಆಡಿದ ಕೊನೆಯ ಮಾತು. ಮುಂದಿನ ಬೇಸಿಗೆಗೆ ಹೋಗಿಬಿಟ್ಟರು, ಸದ್ದಿಲ್ಲದೆ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಮೇಜರನನ್ನು ಕರೆದುಕೊಂಡು ಚಿಮ್ಮಡಕ್ಕೆ ಹೋದೆ. ಆ ಗಿಡದ ಹೆಸರು ನನ್ನನ್ನು ಬಿಟ್ಟಿರಲಿಲ್ಲ. ಹಟ್ಟಿ ಬೇರೆ ಹೊಲಕ್ಕೆ ಹೋಗಿತ್ತು, ಹುಡುಕಿದೆ. ಲಕ್ಕಪ್ಪ ಬದುವಿನ ಮೇಲೆ ಕೂತು ಕೈಯಲ್ಲಿ ಉಣ್ಣೆ ನೂಲುತ್ತಿದ್ದ. ಮೇಜರನ ಮೈದಡವಿ, "ಭಾಳ ಛಲೋ ಸಾಕೀರಿ ಅಕ್ಕೋರ" ಎಂದ. ನಾನು ಹೇಳಿದೆ: ಇದರ ಹಟ್ಟಿ ಹೆಸರು ನೀನು ಹೇಳುವುದು ಬೇಡ, ನಾನೊಂದು ಹೇಳುತ್ತೇನೆ, ಹೌದೋ ಅಲ್ಲವೋ ಅಷ್ಟು ಹೇಳು. ಆಮೇಲೆ ಆ ಹೆಸರನ್ನು ಮೆಲ್ಲಗೆ ಅಂದೆ.

ಮೇಜರನ ಕಿವಿ ನಿಮಿರಿದವು. ಲಕ್ಕಪ್ಪನ ಕೈಯಲ್ಲಿ ನೂಲು ಹರಿಯಿತು.

"ಯಾರ ಹೇಳಿದ್ರಿ ನಿಮಗ?"

ಎಲ್ಲವನ್ನೂ ಹೇಳಿದೆ. ಹೇಗೆ ಕರೆದರೆಂದು ಕೇಳಿದ, ಎಳೆದು ಕಡಿದದ್ದನ್ನು ಮಾಡಿ ತೋರಿಸಿದೆ. "ಹಂಗ. ನಾವ ಹಂಗ ಕರೀತೇವಿ," ಎಂದ. ಈ ಮರಿ ಕಣ್ಣು ತೆರೆದದ್ದು ಅದೇ ಗಿಡದ ಬುಡದಲ್ಲಂತೆ. "ಸರ ಹಟ್ಟಿಗಿ ಬಂದ ಇಲ್ಲಲ್ರಿ?" ಬಂದಿಲ್ಲ ಎಂದೆ. ಅವನು ಹರಿದ ನೂಲಿನ ತುದಿಗಳನ್ನು ಹೊಸೆದು ಕೂಡಿಸಿದ. ಆಮೇಲೆ, "ಹೊಳ್ಳಿ ಇಸ್ಕೊಂಡ ಹೆಸರ ಎಲ್ಲಿ ಹೊಕ್ಕಾವು ನಮಗೂ ಗೊತ್ತಿಲ್ರಿ ಅಕ್ಕೋರ," ಎಂದ. "ಒಂದ್ ಕಡೆ ಹೊಕ್ಕಾವು ಅನ್ನೂದ ಅಷ್ಟ ಖರೆ. ಸರ ಅಲ್ಲೆ ಹೋಗಿದ್ರೇನೋ." ಆ ಹೆಸರನ್ನು ಮತ್ತೆ ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡ. ಅದಕ್ಕೇ ಇಲ್ಲಿ ಬರೆದಿಲ್ಲ.

ಡಾಕ್ಟರಿಗೂ ಹೇಳಿದೆ. ಇಂಥ ಪೇಶಂಟುಗಳಿಗೆ ಹಳೆಯ ಶಬ್ದಗಳು ಹೀಗೆ ಒಮ್ಮೊಮ್ಮೆ ಮೇಲೆ ಬರುತ್ತವೆ, ನಾಯಿ ತಾನಾಗಿಯೇ ಬರುವುದರಲ್ಲಿತ್ತು, ಕೋಇನ್ಸಿಡೆನ್ಸ್ ಮೇಡಂ ಎಂದರು. ಇರಬಹುದು. ಲೋಕದಲ್ಲಿರುವ ಅಷ್ಟು ಶಬ್ದಗಳಲ್ಲಿ ಅದೊಂದೇ ಯಾಕೆ ಮೇಲೆ ಬಂತು ಎಂದು ಕೇಳಿದೆ. ಅವರು ಮುಂದಿನ ಪೇಶಂಟನ್ನು ಕರೆದರು.

ನನಗೆ ಭಯವಾಗುವುದು ಲಕ್ಕಪ್ಪನ ಮಾತಿನಿಂದ. ಅದನ್ನು ನಾನು ನಂಬುವುದಿಲ್ಲ, ನಂಬದೆ ಇರಲೂ ಆಗುವುದಿಲ್ಲ. ಇಸಿದುಕೊಂಡ ಹೆಸರುಗಳೆಲ್ಲ ಬಿದ್ದಿರುವ ಒಂದು ಜಾಗ ಇದ್ದು, ಇವರು ಮರೆಯುತ್ತ ಮರೆಯುತ್ತ ಅಲ್ಲಿಗೆ ಮುಟ್ಟಿದ್ದರೆ, ನನ್ನದೂ ಅಲ್ಲೇ ಇತ್ತಲ್ಲ. ಅಕ್ಕಿಯ ತಾಟಿನ ದಿನದಿಂದ ಅಲ್ಲೇ ಬಿದ್ದಿತ್ತಲ್ಲ. ಅದನ್ನು ದಾಟಿ ಹೋಗಿ ನಾಯಿಯದನ್ನು ಎತ್ತಿಕೊಂಡು ಬಂದರೇ? ಅಥವಾ ನನ್ನದು ಅಲ್ಲೂ ಇರಲಿಲ್ಲವೇ?

ಮೇಜರ್ ಈಗ ಮುದುಕ. ಹಿತ್ತಿಲ ಬಾಗಿಲ ಬಳಿ ಅದೇ ಕರಿ ಕಂಬಳಿಯ ಮೇಲೆ ಮಲಗಿರುತ್ತಾನೆ. ಮೊನ್ನೆ ಮಧ್ಯಾಹ್ನ, ಓಣಿಯಲ್ಲಿ ಯಾರೂ ಇಲ್ಲದಾಗ, ನಾನು ಹಿತ್ತಿಲಿಗೆ ಹೋಗಿ, ಒಂದು ಕೈ ಬಾಯಿಯ ಪಕ್ಕಕ್ಕೆ ಹಿಡಿದು, ನನ್ನ ತವರಿನ ಹೆಸರನ್ನು ಕೂಗಿದೆ. ಕೊನೆಯ ಅಕ್ಷರ ಎಳೆದು, ಕಡಿದು. ಏನಾಗುತ್ತದೆಂದು ಅಂದುಕೊಂಡಿದ್ದೆನೋ ಗೊತ್ತಿಲ್ಲ. ಮೇಜರ್ ತಲೆಯೆತ್ತಿ ಗೇಟಿನ ಕಡೆ ನೋಡಿದ. ಯಾರೋ ಬರುವವರಿದ್ದಾರೆ ಎಂಬಂತೆ ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನು ನೋಡಿ, ತಲೆಯನ್ನು ಮತ್ತೆ ಕಂಬಳಿಯ ಮೇಲೆ ಇಟ್ಟ.